ನಮ್ಮ ಮೊಹರು ಜರ್ಮನಿಗೆ ಬೇಡವಂತೆ

ಮಾನ್ಯ ಸಂಪಾದಕರೇ,

ಹೊರದೇಶಕ್ಕೆ ಕಳಿಸುವ ಕಾಗದಪತ್ರಗಳಿಗೆ ದೃಢೀಕರಣ ಮಾಡಿಸಿಕೊಡುವ ದಲ್ಲಾಳಿಗಳ ಬಗ್ಗೆ ನಿಮ್ಮ ಭಾನುವಾರದ ವರದಿ ಓದಿದೆ. ಅವರನ್ನು ಬೈದಿದ್ದು ಸರಿಯೇ. ಆದರೆ ಅಸಲಿ ಕಥೆ ಶುರುವಾಗೋದು ಅಲ್ಲಿಂದ ಮುಂದೆ ಸ್ವಾಮಿ.

ನನ್ನ ಮಗಳ ಮದುವೆ ಜರ್ಮನಿಯಲ್ಲಿ ನೋಂದಣಿ ಆಗಬೇಕಿತ್ತು. ಜನನ ಪ್ರಮಾಣಪತ್ರಕ್ಕೆ ನಗರಸಭೆ ಮೊಹರು, ಅದರ ಮೇಲೆ ರಾಜ್ಯದ ಮೊಹರು, ಬೆನ್ನಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸ್ಟಿಕ್ಕರ್ (ಈ ಸಹಿ, ಮೊಹರು ಅಸಲಿ ಅಂತ ಹೊರದೇಶಕ್ಕೆ ಹೇಳುವ ಚೀಟಿ), ಎಲ್ಲ ಮಾಡಿಸಿ ಕಳಿಸಿದೆ. ಸ್ಟಿಕ್ಕರಿಗೆ ಸರ್ಕಾರದ ಶುಲ್ಕ 50 ರೂಪಾಯಿ. ಮಧ್ಯದವರು ಕಿತ್ತುಕೊಂಡಿದ್ದು ಎಷ್ಟು ಅಂತ ಕೇಳಬೇಡಿ. ನಿನ್ನೆ ಅಲ್ಲಿಂದ ಉತ್ತರ ಬಂತು, ಇದು ನಡೆಯೋದಿಲ್ಲವಂತೆ.

1961ರ ಹೇಗ್ ಒಪ್ಪಂದದ ಪ್ರಕಾರ ಒಂದು ದೇಶದ ಅಧಿಕಾರಿಯ ಸಹಿ, ಮೊಹರನ್ನು ಇನ್ನೊಂದು ದೇಶ ಈ ಸ್ಟಿಕ್ಕರ್ ನೋಡಿ ಒಪ್ಪಬೇಕು. ನಮಗದು 2005ರ ಜುಲೈನಿಂದ ಜಾರಿ. ಆದರೆ 12ನೇ ವಿಧಿಯಲ್ಲಿ ಒಂದು ಕಿಂಡಿ ಇದೆ. ಹೊಸದಾಗಿ ಸೇರುವವರ ಮೇಲೆ ಹಳಬರು ಆಕ್ಷೇಪ ಎತ್ತಬಹುದು, ಎತ್ತಿದರೆ ಆ ಇಬ್ಬರ ನಡುವೆ ಒಪ್ಪಂದ ನಡೆಯೋದಿಲ್ಲ. ನಮ್ಮ ಮೇಲೆ ಬೆಲ್ಜಿಯಂ, ಫಿನ್ಲೆಂಡ್, ನೆದರ್ಲೆಂಡ್ಸ್, ಸ್ಪೇನ್, ಜರ್ಮನಿ ಎತ್ತಿದವು, ಆಮೇಲೆ ಮೊದಲ ನಾಲ್ಕು ವಾಪಸ್ ಪಡೆದವು. ಜರ್ಮನಿ ಮಾತ್ರ ಜಗ್ಗಿಲ್ಲ.

ಈಗ ಅವರು ಗೊತ್ತುಮಾಡಿದ ವಕೀಲರು ಬಂದು ನಗರಸಭೆಯ ರಿಜಿಸ್ಟರ್ ತಿರುವಿ, ನನ್ನ ಮಗಳು ಹುಟ್ಟಿದ್ದಾಳೋ ಇಲ್ಲವೋ ನೋಡಬೇಕಂತೆ! ಅದಕ್ಕೆ ತಿಂಗಳುಗಟ್ಟಲೆ ಬೇಕು, ಖರ್ಚೂ ನಮ್ಮದೇ. ನಾಲ್ಕು ಸಿಂಹದ ಮುದ್ರೆಗಿಂತ ವಕೀಲರ ವರದಿಯೇ ದೊಡ್ಡದಾಯ್ತು. ಇತ್ತ ವಿಮಾನದ ಟಿಕೆಟ್ ದುಡ್ಡು ಮುಳುಗಿತು, ಬೀಗರ ಮುಂದೆ ತಲೆ ತಗ್ಗಿತು, ನನ್ನಾಕೆಗೆ ಬಿಪಿ ಏರಿತು.

ಜರ್ಮನಿಯನ್ನೇ ಬೈಯೋಣ ಅಂದರೆ, 2023ರಲ್ಲಿ ಚೀನಾ ಈ ಒಪ್ಪಂದಕ್ಕೆ ಸೇರಿದಾಗ ಆಕ್ಷೇಪ ಎತ್ತಿದವರಲ್ಲಿ ನಾವೂ ಇದ್ದೇವೆ. ಇನ್ನು ನಮ್ಮ ನಗರಸಭೆಯ ವಿಚಾರ ಗೊತ್ತೇ ಇದೆ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಕೊನೆಗೆ ಒಂದು ಕೊಂಬು ಜಾಸ್ತಿ. ತಿದ್ದಿಸಲು ಹೋದರೆ ಸರ್ವರ್ ಇಲ್ಲ. ಕೈ ಬೆಚ್ಚಗೆ ಮಾಡಿದರೆ ಸರ್ವರ್ ಎದ್ದು ಬರುತ್ತೆ! ಕಚೇರಿ ಮುಂದೆ ಚರಂಡಿಗೆಂದು ಅಗೆದ ಗುಂಡಿ ಹೋದ ಮಳೆಗಾಲದಿಂದ ಹಾಗೇ ಬಾಯಿಬಿಟ್ಟುಕೊಂಡು ಬಿದ್ದಿದೆ. ಇಂಥವರ ಮೊಹರನ್ನು ನಾವೇ ನಂಬೋದಿಲ್ಲ, ಬರ್ಲಿನ್‌ನವರು ನಂಬಬೇಕಾ?

ದೆಹಲಿಯವರು ಜರ್ಮನಿ ಜೊತೆ ಮಾತಾಡಿ ಆ ಆಕ್ಷೇಪ ತೆಗೆಸಲಿ. ಆಗೋದಿಲ್ಲ ಅಂದರೆ ಜರ್ಮನಿಗೆ ಹೋಗುವ ಕಾಗದಕ್ಕೆ ಸುಮ್ನೆ ಸ್ಟಿಕ್ಕರ್ ಅಂಟಿಸಿ ದುಡ್ಡು ಹೊಡೆಯೋದನ್ನಾದರೂ ನಿಲ್ಲಿಸಲಿ. ನಗರಸಭೆಯವರು ಆ ಗುಂಡಿ ಮುಚ್ಚಲಿ, ಕೊಂಬು ತೆಗೆಯಲಿ. ಕುರ್ಚಿ ಬಿಸಿ ಮಾಡಲು ಇವರಿಗೆ ಸಂಬಳ ಬೇರೆ ಕೇಡು.

– ಒಬ್ಬ ನಿವೃತ್ತ ಶಿಕ್ಷಕ