‘ವಂಡರ್‌ಲಾ ಹತ್ತಿರ’ ಅಂದರೆ ಎಷ್ಟು ಹತ್ತಿರ?

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ ಕಡೆಯ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು–ಮೈಸೂರು ದಾರಿಯ ಬಿಡದಿ ಬಳಿಯ ವಂಡರ್‌ಲಾ ಮನರಂಜನಾ ಪಾರ್ಕಿಗೆ ಬರುತ್ತವೆ. ಪಾರ್ಕಿನ ಟಿಕೆಟ್ ದರ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಲೆಕ್ಕ ತಪ್ಪುವುದು ರೂಮಿನಲ್ಲಿ. ಬುಕಿಂಗ್ ಆ್ಯಪ್‌ನಲ್ಲಿ ‘ವಂಡರ್‌ಲಾ ಹತ್ತಿರ’ ಎಂದು ಹುಡುಕಿ, ಬಂದದ್ದರಲ್ಲಿ ಅಗ್ಗವಾದದ್ದಕ್ಕೆ ದುಡ್ಡು ಕಟ್ಟಿ, ಸಂಜೆ ಒದ್ದೆ ತಲೆಯ ಮಕ್ಕಳ ಕೈ ಹಿಡಿದು ಆಟೊಗಾಗಿ ಕಾಯುವವರನ್ನು ಪ್ರತಿ ಶನಿವಾರ, ಭಾನುವಾರ ನೋಡಬಹುದು. ಪ್ರವಾಸದ ಏರ್ಪಾಡನ್ನೇ ಕಸುಬಾಗಿಸಿಕೊಂಡ ನಮಗೆ ಈ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ.

ಪಾರ್ಕು ಬಾಗಿಲು ತೆರೆಯುವುದು ಬೆಳಗ್ಗೆ 11ಕ್ಕೆ. ಸಾಮಾನ್ಯ ದಿನಗಳಲ್ಲಿ ಸಂಜೆ 6ಕ್ಕೆ, ವಾರಾಂತ್ಯದಲ್ಲಿ 7ಕ್ಕೆ ಮುಚ್ಚುತ್ತದೆ. ಅಂದರೆ ಬೆಳಗ್ಗೆ ಒಂದು ಗಂಟೆ ಪ್ರಯಾಣವಾದರೂ ಏನೂ ಕೆಡುವುದಿಲ್ಲ. ತಿಂಡಿ ಮುಗಿಸಿ 9.30ಕ್ಕೆ ಹೊರಟರೂ ಸಾಕು. ಕಷ್ಟವಾಗುವುದು ಸಂಜೆ. ಎಲ್ಲರೂ ಒಟ್ಟಿಗೆ ಹೊರಬರುತ್ತಾರೆ, ಮಕ್ಕಳು ಹಸಿದಿರುತ್ತಾರೆ, ಆಟೊದವರು ಬಾಯಿಗೆ ಬಂದ ದರ ಕೇಳುತ್ತಾರೆ. ಆದ್ದರಿಂದ ರೂಮು ಹುಡುಕುವವರು ಬೆಳಗಿನ ದೂರ ನೋಡದೆ ಸಂಜೆಯ ದೂರ ನೋಡಬೇಕು. ಪಾರ್ಕಿನಿಂದ ಊರಿಗೆ ಅಥವಾ ಮುಂದಿನ ಜಾಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ರೂಮೇ ಒಳ್ಳೆಯ ರೂಮು.

ಇನ್ನು ಆ್ಯಪ್‌ ತೋರಿಸುವ ‘2 ಕಿ.ಮೀ.’ ವಿಚಾರ. ಎಷ್ಟೋ ಸಲ ಅದು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದ ದೂರ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಈ ಗೆರೆಗೆ ಅರ್ಥವೇ ಇಲ್ಲ. ನಡುವಿನ ಆರು ಪಥಕ್ಕೆ ಬೇಲಿ ಹಾಕಿದೆ, ಎರಡೂ ಬದಿಗೆ ಸರ್ವಿಸ್ ರಸ್ತೆ ಇದೆ. ಹೋಟೆಲ್ ಹೆದ್ದಾರಿಯ ಆಚೆ ಬದಿಯಲ್ಲಿದ್ದರೆ ಅಂಡರ್‌ಪಾಸ್ ಸಿಗುವ ತನಕ ಹೋಗಿ ಸುತ್ತಿಕೊಂಡು ಬರಬೇಕು. 2023ರ ಆಗಸ್ಟ್ 1ರಿಂದ ಆಟೊ ಮತ್ತು ಬೈಕುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲವಾದ್ದರಿಂದ ಆಟೊ ಹತ್ತಿದರೆ ಸರ್ವಿಸ್ ರಸ್ತೆಯೇ ಗತಿ. ಪಾರ್ಕು ಹೆದ್ದಾರಿಗೆ ಅಂಟಿಕೊಂಡೂ ಇಲ್ಲ, ತಿರುವಿನಿಂದ ಒಳಕ್ಕೆ ಹೋಗಬೇಕು. ದುಡ್ಡು ಕಟ್ಟುವ ಮೊದಲು ನಕ್ಷೆಯಲ್ಲಿ ಹೋಟೆಲಿನಿಂದ ಪಾರ್ಕಿಗೆ ಒಮ್ಮೆ, ಪಾರ್ಕಿನಿಂದ ಹೋಟೆಲಿಗೆ ಇನ್ನೊಮ್ಮೆ ರಸ್ತೆ ದಾರಿ ಹಾಕಿ ನೋಡಿ. ಎರಡರ ನಡುವೆ ಬಹಳ ವ್ಯತ್ಯಾಸವಿದ್ದರೆ ಹೋಟೆಲ್ ಆಚೆ ಬದಿಯಲ್ಲಿದೆ ಎಂದೇ ತಿಳಿಯಿರಿ.

ಬಿಡದಿ ಪೇಟೆಯ ಲಾಡ್ಜುಗಳು ಕಿಲೋಮೀಟರ್ ಲೆಕ್ಕದಲ್ಲಿ ನಿಜವಾಗಿ ಹತ್ತಿರ. ಆದರೆ ಅವು ಇರುವುದು ಹಳೇ ರಸ್ತೆಯಲ್ಲಿ. ಬೈಪಾಸ್ ಹತ್ತಿಬಿಟ್ಟರೆ ಬಿಡದಿ ಊರೇ ತಪ್ಪಿಹೋಗುತ್ತದೆ, ಹೊಸ ಡ್ರೈವರ್‌ಗಳು ಎಡವುವುದು ಇಲ್ಲಿಯೇ. ಕ್ಯಾಬ್ ಹತ್ತಿದ ಕೂಡಲೇ ‘ಬಿಡದಿ ಊರೊಳಗೆ, ಸರ್ವಿಸ್ ರೋಡಲ್ಲೇ ಹೋಗಿ’ ಎಂದು ಹೇಳಿಬಿಡಬೇಕು. ಈ ಲಾಡ್ಜುಗಳಿಗೆ ಕೈಗಾರಿಕಾ ಪ್ರದೇಶಕ್ಕೆ ಕೆಲಸದ ಮೇಲೆ ಬರುವವರೂ ಗಿರಾಕಿಗಳೇ. ಲಗ್ನದ ದಿನಗಳಲ್ಲಿ ಮದುವೆ ಮನೆಯವರು ರೂಮುಗಳನ್ನು ಸಾರಾಸಗಟಾಗಿ ಹಿಡಿದಿರುತ್ತಾರೆ. ಆಷಾಢದಲ್ಲಿ ಮದುವೆಗಳಿಲ್ಲ. ಆಗ ಮಂಗಳವಾರ, ಬುಧವಾರ ನೋಡಿಕೊಂಡು ಬಂದರೆ ರೂಮು ಸಿಗುತ್ತದೆ, ದರವನ್ನೂ ಮಾತಾಡಬಹುದು. ಬೆಳಗಿನ ತಿಂಡಿ ಸೇರಿದ ಪ್ಯಾಕೇಜಿಗೆ ಇಲ್ಲಿ ಹೆಚ್ಚು ಕೊಡುವ ಅಗತ್ಯವಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ಇದೆ.

ನಮ್ಮನ್ನು ಕೇಳಿದರೆ, ರೈಲಿನಲ್ಲಿ ಬರುವ ಸಾಧಾರಣ ಆದಾಯದ ಕುಟುಂಬಕ್ಕೆ ಬೆಂಗಳೂರಿನ ಅಂಚಿನ ಕೆಂಗೇರಿಯೇ ಸೂಕ್ತ. ರೈಲು, ಮೆಟ್ರೊ, ಬಿಎಂಟಿಸಿ ಬಸ್ ಮೂರೂ ಅಲ್ಲಿವೆ. ಮೆಟ್ರೊದ ನೇರಳೆ ಮಾರ್ಗ 2021ರಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂತು. ಮರುದಿನ ಮೆಜೆಸ್ಟಿಕ್, ಕಬ್ಬನ್ ಪಾರ್ಕ್, ವಿಧಾನಸೌಧ ಸುತ್ತುವುದಿದ್ದರೆ ಟ್ರಾಫಿಕ್ಕಿನ ತಲೆನೋವಿಲ್ಲ. ಹಂಪಿ ಎಕ್ಸ್‌ಪ್ರೆಸ್, ಗೋಲಗುಂಬಜ್ ಎಕ್ಸ್‌ಪ್ರೆಸ್‌ನಂಥ ರೈಲುಗಳು ಬೆಂಗಳೂರು ದಾಟಿ ಮೈಸೂರಿನ ಕಡೆ ಮುಂದುವರಿಯುತ್ತವೆ. ಟಿಕೆಟ್ ಮಾಡುವಾಗಲೇ ನಿಮ್ಮ ರೈಲಿಗೆ ಕೆಂಗೇರಿಯಲ್ಲಿ ನಿಲುಗಡೆ ಇದೆಯೇ ನೋಡಿಕೊಂಡರೆ ಮೆಜೆಸ್ಟಿಕ್‌ನಲ್ಲಿ ಇಳಿದು ಲಗೇಜು ಹೊತ್ತು ವಾಪಸ್ ಬರುವುದು ತಪ್ಪುತ್ತದೆ. ಮರುದಿನ ಮೈಸೂರಿಗೆ ಹೋಗುವವರಾದರೆ ರಾಮನಗರ ನೋಡಬಹುದು. ಆದರೆ ತಡೆರಹಿತ ಬಸ್ಸು ಬೈಪಾಸ್‌ನಲ್ಲಿ ಹೋಗಿಬಿಡುತ್ತದೆ, ಊರೊಳಗೆ ಬರುವ ಬಸ್ಸನ್ನೇ ಕೇಳಿ ಹತ್ತಬೇಕು. ಪಾರ್ಕಿಗೆ ಅಂಟಿಕೊಂಡೇ ಅದರದ್ದೇ ರೆಸಾರ್ಟ್ ಇದೆ, 2012ರಿಂದ ನಡೆಯುತ್ತಿದೆ. ವಯಸ್ಸಾದವರು, ಕೈಗೂಸು ಜೊತೆಗಿದ್ದು ಖರ್ಚು ಭರಿಸಬಲ್ಲವರಿಗೆ ಅದಕ್ಕಿಂತ ಅನುಕೂಲ ಬೇರಿಲ್ಲ.

ರೂಮಿನ ಸಮಯದ ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ರಾತ್ರಿ ರೈಲು ಬೆಳಗ್ಗೆ 6ಕ್ಕೆ ಇಳಿಸುತ್ತದೆ, ಆ್ಯಪ್‌ನಲ್ಲಿ ಹಿಡಿದ ರೂಮಿನ ಚೆಕ್‌–ಇನ್ ಮಧ್ಯಾಹ್ನ 12ಕ್ಕೆ. ಬೇಗ ಬೇಕೆಂದರೆ ಕೌಂಟರಿನಲ್ಲಿ ಅರ್ಧ ದಿನದ ದುಡ್ಡು ಕೇಳುತ್ತಾರೆ. ಆದ್ದರಿಂದ ‘24 ಗಂಟೆ ಚೆಕ್‌ಔಟ್’ ಇರುವ ಲಾಡ್ಜನ್ನೇ ಕೇಳಿ ಹಿಡಿಯಿರಿ. 6ಕ್ಕೆ ಹೊಕ್ಕರೆ ಮರುದಿನ 6ರ ತನಕ ನಿಮ್ಮದೇ. ಅದೇ ರಾತ್ರಿ ವಾಪಸ್ ರೈಲು ಇರುವವರಿಗೆ ಪೂರ್ತಿ ರೂಮೇ ಬೇಕಿಲ್ಲ. ಖಚಿತ ಟಿಕೆಟ್ ಇದ್ದರೆ ಬೆಂಗಳೂರು ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಟಿಕೆಟ್‌ನ ಪಿಎನ್‌ಆರ್ ಸಂಖ್ಯೆ ಹಾಕಿ ರೈಲ್ವೆಯ ಐಆರ್‌ಸಿಟಿಸಿ ಜಾಲತಾಣದಲ್ಲಿ ಕಾಯ್ದಿರಿಸಬಹುದು.

ದರದ ವಿಷಯದಲ್ಲಿ ಜನ ಮೋಸ ಹೋಗುವುದು ‘ಇಬ್ಬರಿಗೆ’ ಎಂಬ ಸಣ್ಣ ಅಕ್ಷರದಲ್ಲಿ. ಅಪ್ಪ, ಅಮ್ಮ, ಎಂಟು ಮತ್ತು ಹದಿಮೂರು ವರ್ಷದ ಮಕ್ಕಳು ಎಂದಿಟ್ಟುಕೊಳ್ಳಿ. ಆ್ಯಪ್‌ನಲ್ಲಿ ರೂಮು 1,400 ರೂಪಾಯಿ. ಕೌಂಟರಿನಲ್ಲಿ ಎರಡು ಹಾಸಿಗೆಗೆ ತಲಾ 400 ಸೇರಿಸಿದರೆ 2,200, ಶೇ 5ರ ಜಿಎಸ್‌ಟಿ ಸೇರಿ 2,310. ಅದೇ 2,000ದ ನಾಲ್ಕು ಹಾಸಿಗೆಯ ರೂಮು ತೆಗೆದುಕೊಂಡಿದ್ದರೆ ತೆರಿಗೆ ಸೇರಿ 2,100ಕ್ಕೆ ಮುಗಿಯುತ್ತಿತ್ತು. ಹುಡುಕುವಾಗಲೇ ಮಕ್ಕಳ ವಯಸ್ಸು ಹಾಕಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇನ್ನೂ 12 ಎಂದಿದ್ದರೆ ಅಲ್ಲೇ ಪ್ರಶ್ನಿಸಿ. ಬೆಂಗಳೂರು ವಿಳಾಸದ ಆಧಾರ್ ಇರುವವರಿಗೆ ಕೆಲವು ಹೋಟೆಲುಗಳಲ್ಲಿ ‘ಲೋಕಲ್ ಐಡಿ ನಡೆಯಲ್ಲ’ ಎನ್ನುತ್ತಾರೆ. ಕೆಂಗೇರಿಯ ಅಣ್ಣನ ಮನೆಯವರನ್ನೂ ಜೊತೆಗೆ ಉಳಿಸಿಕೊಳ್ಳುವ ಯೋಚನೆಯಿದ್ದರೆ ಮೊದಲೇ ಫೋನ್ ಮಾಡಿ.

ಫೋನ್ ಮಾಡಿದಾಗ ಕೇಳಲೇಬೇಕಾದ ಮತ್ತೊಂದು ಮಾತು ಬಿಸಿನೀರಿನದು. ಅಗ್ಗದ ಲಾಡ್ಜುಗಳಲ್ಲಿ ‘24 ಗಂಟೆ ಬಿಸಿನೀರು’ ಎಂಬ ಬೋರ್ಡಿದ್ದರೂ ವಾಲ್ವ್ ಬಿಡುವುದು ಬೆಳಗ್ಗೆ 6ರಿಂದ 9ರವರೆಗೆ. ಕ್ಲೋರಿನ್ ನೀರಿನಲ್ಲಿ ದಿನವಿಡೀ ನೆನೆದ ಮಕ್ಕಳ ಕೂದಲು ಸಂಜೆಗೆ ತೆಂಗಿನ ನಾರಿನಂತಾಗಿರುತ್ತದೆ, ಕಣ್ಣು ಕೆಂಪಗಿರುತ್ತದೆ. ಆಗ ತಣ್ಣೀರಿನಲ್ಲಿ ತಲೆ ತೊಳೆಯುವುದು ಮಕ್ಕಳಿಗೆ ಕಷ್ಟ. ‘ರಾತ್ರಿ ಎಂಟಕ್ಕೆ ಬಿಸಿನೀರು ಬರುತ್ತಾ? ಗೀಸರ್ ರೂಮೊಳಗಿದೆಯಾ?’ ಎಂದು ನೇರವಾಗಿ ಕೇಳಿ. ಪಾರ್ಕಿನ ನೀರಾಟಕ್ಕೆ ಹತ್ತಿ ಬಟ್ಟೆ ಬಿಡುವುದಿಲ್ಲ, ನೈಲಾನ್‌ನಂಥ ಸಿಂಥೆಟಿಕ್ ಉಡುಪೇ ಬೇಕು. ಅದು ಹಿಂಡಿ ಹಾಕಿದರೆ ಫ್ಯಾನ್ ಗಾಳಿಗೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ, ಆದರೆ ಕಟ್ಟಲು ಹಗ್ಗ ನೀವೇ ತರಬೇಕು. ಎರಡು ಮೀಟರ್ ನೈಲಾನ್ ಹಗ್ಗ, ನಾಲ್ಕು ಕ್ಲಿಪ್ಪು ಸಾಕು.

ವಾಪಸ್ ಬರುವ ವ್ಯವಸ್ಥೆಯನ್ನು ಬೆಳಗ್ಗೆಯೇ ಮಾಡಿಕೊಳ್ಳಿ. ಬಸ್ಸಿನಲ್ಲಿ ಹೋದರೆ ಇಳಿಯುವಾಗಲೇ ಕಂಡಕ್ಟರನ್ನು ಕೊನೆಯ ಬಸ್ಸಿನ ಸಮಯ ಕೇಳಿ. ಕ್ಯಾಬ್ ಬೇಕಿದ್ದರೆ ಮುಚ್ಚುವುದಕ್ಕೆ ಅರ್ಧ ಗಂಟೆ ಮೊದಲು, ಬಟ್ಟೆ ಬದಲಿಸುವ ಮುನ್ನ, ಬುಕ್ ಮಾಡಿ.

ಇದರಲ್ಲಿ ಸರ್ಕಾರ ಮಾಡಬಹುದಾದ ಕೆಲಸವೂ ಇದೆ. ಚಲ್ಲಘಟ್ಟ ಮೆಟ್ರೊ ನಿಲ್ದಾಣದಿಂದ ಪಾರ್ಕಿನ ಬಾಗಿಲಿಗೆ ರಜಾದಿನಗಳಲ್ಲಿ ಬೆಳಗ್ಗೆ 9.30ರಿಂದ 11.30, ಸಂಜೆ 5.30ರಿಂದ 8ರವರೆಗೆ ಹದಿನೈದು ನಿಮಿಷಕ್ಕೊಂದು ಮೆಟ್ರೊ ಫೀಡರ್ ಬಸ್ ಓಡಿಸುವ ಬಗ್ಗೆ ಬಿಎಂಟಿಸಿ ಯೋಚಿಸಲಿ. ಬಿಡದಿ, ಕೆಂಗೇರಿಯ ಲಾಡ್ಜುಗಳು ಹಾಸಿಗೆ ದರ, ಚೆಕ್‌ಔಟ್ ನಿಯಮ, ಬಿಸಿನೀರಿನ ಸಮಯ ಮೂರನ್ನೂ ಕನ್ನಡದಲ್ಲಿ ಬರೆದು ಕೌಂಟರಿನ ಎದುರು ತೂಗುಹಾಕುವಂತೆ ಪ್ರವಾಸೋದ್ಯಮ ಇಲಾಖೆ ನೋಡಿಕೊಳ್ಳಲಿ. ದಸರಾ ರಜೆಗೆ ಮೊದಲೇ ಇದು ಆಗಬೇಕೆಂಬುದು ನಮ್ಮ ಕೋರಿಕೆ.

– ಕುಟುಂಬ ಹಾಗೂ ಶಾಲಾ ಪ್ರವಾಸ ಏರ್ಪಾಡು ಮಾಡುವವರು, ಮಂಡ್ಯ