ಹಾಡಿನ ಡಬ್ಬಿಗಿಂತ ಅದರ ಬಾಲಂಗೋಚಿಯೇ ದುಬಾರಿ

ಸಂಪಾದಕರಿಗೆ ನಮಸ್ಕಾರ.

ದೀಪಾವಳಿ ಹತ್ತಿರ ಬಂತು ಅಂದರೆ ಪತ್ರಿಕೆ ಬಿಡಿಸಿದ ಕೂಡಲೇ ಇಯರ್‌ಫೋನು, ಸ್ಪೀಕರು, ಪವರ್ ಬ್ಯಾಂಕುಗಳ ಜಾಹೀರಾತು ಮಡಿಲಿಗೆ ಬೀಳುತ್ತದೆ. ಒಂದು ಕೊಂಡರೆ ನಾಲ್ಕು ಉಚಿತ ಅಂತ. ಆ ನಾಲ್ಕರ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕುವುದಾದರೆ ಹಾಕಿ, ಮೆಮೊರಿ ಕಾರ್ಡಿನ ಕತೆಗೆ ಮಾತ್ರ ಹಾಕಬೇಡಿ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸಿಗುವ ಊರು. ಮೊಬೈಲ್ ಸಿಗ್ನಲ್ ಬೇಕು ಅಂದರೆ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು. ಹಾಗಾಗಿ ಕಳೆದ ವರ್ಷ ಅಮ್ಮನಿಗೆ ಒಂದು ಸಣ್ಣ ಎಂಪಿ3 ಪ್ಲೇಯರ್ ತಂದುಕೊಟ್ಟೆ. ಈ ಕಾಲದಲ್ಲಿ ಅದನ್ನು ಯಾರು ಬಳಸುತ್ತಾರೆ ಅಂತ ನನ್ನ ಮಗನೇ ನಕ್ಕ. ನಗಲಿ ಬಿಡಿ. ಅಡಿಕೆ ಸುಲಿದು ಚೊಗರು ಹಿಡಿದ ಬೆರಳಿಗೆ ಮೊಬೈಲಿನ ಟಚ್ ಸ್ಕ್ರೀನ್ ಸರಿಯಾಗಿ ಕೇಳುವುದಿಲ್ಲ, ಗುಂಡಿ ಇದ್ದರೆ ಕತ್ತಲಲ್ಲೂ ಒತ್ತಬಹುದು. ಹಾಡಿನ ನಡುವೆ ಫೋನ್ ಬರುವುದಿಲ್ಲ, ಜಾಹೀರಾತು ಬರುವುದಿಲ್ಲ. ಅಮ್ಮನಿಗೆ ಬೇಕಾದ್ದು ಭಾವಗೀತೆ, ದಾಸರ ಪದ, ಯಕ್ಷಗಾನ, ಅಷ್ಟೇ.

ಪ್ಲೇಯರ್ ಇವತ್ತಿಗೂ ಚೆನ್ನಾಗಿದೆ. ತಲೆನೋವು ಶುರುವಾಗಿದ್ದು ಅದರ ಬಾಲಂಗೋಚಿಗಳಿಂದ.

ಮೊದಲು ಇಯರ್‌ಫೋನ್. ಡಬ್ಬಿಯ ಜೊತೆ ಬಂದ ಇಯರ್‌ಫೋನಿನ ವಯರು ಎರಡನೇ ವಾರಕ್ಕೇ ಮೆಟ್ಟುಗತ್ತಿಗೆ ಸಿಕ್ಕಿ ತುಂಡಾಯಿತು. (ಅಡಿಕೆ ಸುಲಿಯುವವರು ವಯರನ್ನು ಎದೆ ಮೇಲೆ ಇಳಿಬಿಡಬೇಡಿ. ಕಿವಿ ಹಿಂದಿನಿಂದ ತಂದು ಬೆನ್ನ ಮೇಲೆ ಬಿಡಿ. ಇದನ್ನು ಯಾವ ಕಂಪನಿಯೂ ಬರೆಯುವುದಿಲ್ಲ.) ಶಿವಮೊಗ್ಗಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ಹೊಸದು ಕೇಳಿದೆ. ಹುಡುಗ ಮೈಕ್ ಇರುವ ಒಂದನ್ನು ತೆಗೆದು ಮುಂದಿಟ್ಟು, ಎಲ್ಲದಕ್ಕೂ ಆಗುತ್ತೆ ಸಾರ್ ಅಂದ. ಪ್ಲೇಯರ್ ಮನೆಯಲ್ಲಿತ್ತು. ನಂಬಿ ತಂದೆ.

ರಾತ್ರಿ ಅಮ್ಮ ಹಾಕಿಕೊಂಡು ಎರಡು ನಿಮಿಷ ಸುಮ್ಮನೆ ಕೂತರು. ಆಮೇಲೆ, "ಏನೋ ಇದು, ಬರೀ ತಬಲಾ, ಕೊಳಲು ಬರ್ತಿದೆ, ಹಾಡೋರು ಊಟಕ್ಕೆ ಎದ್ದುಹೋದ್ರಾ?" ಅಂದರು. ನಾನು ಹಾಕಿಕೊಂಡು ನೋಡಿದೆ. ಹೌದು, ಶಿವಮೊಗ್ಗ ಸುಬ್ಬಣ್ಣನವರ ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ, ವಾದ್ಯ ಮಾತ್ರ ಜೋರು. ಹಾಡಿನ ಫೈಲೇ ಕೆಟ್ಟಿದೆ ಅಂದುಕೊಂಡು ಎಲ್ಲ ಅಳಿಸಿ ಮತ್ತೆ ತುಂಬಿಸಿದೆ. ಎರಡು ಸಂಜೆ ಹಾಳು.

ಕಾರಣ ತಿಳಿದದ್ದು ಆಮೇಲೆ. ಇಯರ್‌ಫೋನಿನ ಪಿನ್ನು ನೋಡಿ, ಅದರ ಮೇಲೆ ಕಪ್ಪು ಉಂಗುರ ಇರುತ್ತವೆ. ಮೈಕ್ ಇಲ್ಲದ್ದಕ್ಕೆ ಎರಡು, ಮೈಕ್ ಇದ್ದರೆ ಮೂರು. ಎರಡು ಉಂಗುರದ ಪಿನ್ನಿಗೆಂದು ಮಾಡಿದ ಕೆಲವು ಪ್ಲೇಯರುಗಳಲ್ಲಿ ಮೂರು ಉಂಗುರದ್ದನ್ನು ಹಾಕಿದರೆ, ಎರಡೂ ಕಿವಿಗೆ ಸೇರಿದ ಒಂದು ವಾಪಸ್ ದಾರಿ ಇರುತ್ತದಲ್ಲ, ಅದು ಕೂಡುವುದೇ ಇಲ್ಲ. ಆಗ ಎಡಕ್ಕೂ ಬಲಕ್ಕೂ ಸಮನಾಗಿ ಬರುವ ಶಬ್ದ ಒಂದನ್ನೊಂದು ಹೊಡೆದುಹಾಕುತ್ತದೆ. ಹಾಡುವವರ ದನಿ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿಯೇ ಇರುವುದರಿಂದ ಮೊದಲು ಹೋಗುವುದು ಅದೇ. ಆ ಮೈಕಿನ ಗುಂಡಿ ಒತ್ತಿ ಹಿಡಿದುಕೊಂಡರೆ ದನಿ ವಾಪಸ್ ಬರುತ್ತದೆ! ಗುಂಡಿ ಒತ್ತಿಕೊಂಡೇ ಅಡಿಕೆ ಸುಲಿಯುವುದು ಹೇಗೆ ಹೇಳಿ. ಪಿನ್ನು ಪೂರ್ತಿ ಒಳಗೆ ಹೋಗದಿದ್ದರೂ ಇದೇ ಕತೆ. ದಪ್ಪ ರಬ್ಬರ್ ಕವರ್ ಹಾಕಿದ ಮೇಲೆ ದನಿ ಮಾಯವಾಯಿತು ಅನ್ನುವವರು ಕವರನ್ನು ಒಮ್ಮೆ ತೆಗೆದು ನೋಡಿ.

ಈಗಂತೂ ವಯರಿನ ತುದಿಯಲ್ಲಿ ಟೈಪ್ ಸಿ ಇರುವ ಇಯರ್‌ಫೋನೂ ಬಂದಿದೆ. 2016ರಲ್ಲಿ ಐಫೋನಿನಿಂದ ದುಂಡನೆಯ 3.5 ಮಿಲಿಮೀಟರ್ ತೂತು ಹೋಯಿತು, ಆಮೇಲೆ ಒಂದೊಂದೇ ಕಂಪನಿಯ ಫೋನಿನಿಂದಲೂ ಹೋಯಿತು. 2001ರಲ್ಲಿ ಬಂದ ಐಪಾಡನ್ನೇ 2022ರಲ್ಲಿ ನಿಲ್ಲಿಸಿಬಿಟ್ಟರು. ಅಂಗಡಿಯವರು ಫೋನಿಗೆ ತಕ್ಕದ್ದನ್ನೇ ತರಿಸುತ್ತಾರೆ, ಅದು ಅವರ ತಪ್ಪಲ್ಲ. ಆದರೆ ಪ್ಲೇಯರಿಗೆ ಅದು ಆಗುವುದಿಲ್ಲ ಅಂತ ಒಂದು ಮಾತು ಹೇಳಿದರೆ ಏನು ಗಂಟು ಹೋಗುತ್ತದೆ?

ವಯರಿನ ಗೋಜೇ ಬೇಡ ಅಂತ ಬ್ಲೂಟೂತ್ ಕಡ್ಲೆಕಾಳುಗಳನ್ನೂ ತಂದೆ (ಅಮ್ಮ ಇಟ್ಟ ಹೆಸರು). ಪ್ಲೇಯರಿನಲ್ಲಿ ಬ್ಲೂಟೂತ್ ಇದೆಯೋ ಇಲ್ಲವೋ ಮೊದಲು ನೋಡಬೇಕು, ನಮ್ಮದರಲ್ಲಿ ಇತ್ತು. ಆದರೆ ಎಫ್‌ಎಂ ಹಾಕಲು ಹೋದರೆ "ಇಯರ್‌ಫೋನ್ ಹಾಕಿ" ಅಂತ ಬರುತ್ತದೆ. ಯಾಕೆಂದರೆ ಇಂಥ ಪ್ಲೇಯರಿನ ಎಫ್‌ಎಂಗೆ ಇಯರ್‌ಫೋನಿನ ವಯರೇ ಆಂಟೆನಾ. ವಯರಿಲ್ಲ ಅಂದರೆ ಭದ್ರಾವತಿ ಆಕಾಶವಾಣಿಯೂ ಇಲ್ಲ. ನಮ್ಮ ಗುಡ್ಡದ ಸಂದಿನಲ್ಲಿ ವಯರು ಇದ್ದಾಗಲೇ ನಿಂತ ಜಾಗ ಬದಲಿಸುತ್ತಾ ಇರಬೇಕು. ಆ ಕಾಳುಗಳಲ್ಲಿ ಒಂದು ಮೂರನೇ ದಿನಕ್ಕೆ ಅಡಿಕೆ ಸಿಪ್ಪೆ ರಾಶಿಯಲ್ಲಿ ಬಿತ್ತು. ಇವತ್ತಿಗೂ ಸಿಕ್ಕಿಲ್ಲ. ಸಿಪ್ಪೆ ತೋಟಕ್ಕೆ ಹೋಗಿದೆ, ಮುಂದಿನ ವರ್ಷ ಮರದಲ್ಲಿ ಬಿಡಬಹುದು.

ಈಗ ಮೆಮೊರಿ ಕಾರ್ಡ್. ಸಂತೆಯ ದಿನ ರಸ್ತೆ ಬದಿಯಲ್ಲಿ ಒಬ್ಬರು 128 ಜಿಬಿ ಕಾರ್ಡು ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಟ್ಟರು. ಆಸೆ ಕೆಟ್ಟದ್ದು. ಕಂಪ್ಯೂಟರಿಗೆ ಹಾಕಿದರೆ 128 ಅಂತಲೇ ತೋರಿಸಿತು. ಅಪ್ಪಯ್ಯನ ಕಾಲದ ಕ್ಯಾಸೆಟ್ಟುಗಳಿಂದ ಕಷ್ಟಪಟ್ಟು ಇಳಿಸಿಕೊಂಡಿದ್ದ ಯಕ್ಷಗಾನದ ಆಟಗಳನ್ನೆಲ್ಲ ಅದಕ್ಕೆ ತುಂಬಿ, ಜಾಗ ಬೇಕು ಅಂತ ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿದೆ. ಹೆಸರೆಲ್ಲ ಕಾಣುತ್ತದೆ, ಒತ್ತಿದರೆ ಹಾಡುವುದಿಲ್ಲ. ಮೊದಲ ಕೆಲವು ಮಾತ್ರ ಸರಿಯಾಗಿದ್ದವು. ಒಳಗಿರುವ ಜಾಗ ಸ್ವಲ್ಪವೇ, 128 ಇದೆ ಅಂತ ಸುಳ್ಳು ಹೇಳುವ ಹಾಗೆ ಅದನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ್ದೆಲ್ಲ ಗಾಳಿಗೆ. ಹಣ ಹೋದದ್ದಕ್ಕಿಂತ ಅಪ್ಪಯ್ಯ ಕ್ಯಾಸೆಟ್ಟಿನ ಮೊದಲಲ್ಲಿ ಊರಿನ ಹೆಸರು, ತಾರೀಕು ಹೇಳಿ ರೆಕಾರ್ಡ್ ಮಾಡಿದ್ದರಲ್ಲ, ಆ ದನಿ ಹೋದದ್ದು ಜಾಸ್ತಿ ಬೇಜಾರು. ಎರಡು ಕ್ಯಾಸೆಟ್ಟಿಗೆ ಆಗಲೇ ಬೂಸಲು ಹಿಡಿದಿತ್ತು, ಮತ್ತೆ ಇಳಿಸಲು ಆಗಲಿಲ್ಲ.

ಆದ್ದರಿಂದ ಹೊಸ ಕಾರ್ಡು ತಂದ ದಿನವೇ ಪೂರ್ತಿ ತುಂಬಿಸಿ, ಕೊನೆಯ ಫೈಲು ಹಾಡುತ್ತದೆಯೋ ನೋಡಿ, ನಡುವಿನದ್ದೂ ಒಂದೆರಡು ನೋಡಿ. ಇದನ್ನು ಪರೀಕ್ಷೆ ಮಾಡಲೆಂದೇ ಎಚ್2ಟೆಸ್ಟ್‌ಡಬ್ಲ್ಯೂ (H2testw) ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅಷ್ಟರ ತನಕ ಮೂಲವನ್ನು ಅಳಿಸಬೇಡಿ. ಇನ್ನೊಂದು ವಿಷಯ, ದೊಡ್ಡ ಕಾರ್ಡು ಬೇಕೇ ಬೇಕು ಅನ್ನುವುದೇ ಸುಳ್ಳು. 128 ಕೆಬಿಪಿಎಸ್‌ನ (ಇದು ಹಾಡಿನ ಗುಣಮಟ್ಟದ ಅಳತೆ, ಕಾರ್ಡಿನ ಜಾಗದ್ದಲ್ಲ) ಎಂಪಿ3 ಆದರೆ ಒಂದು ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ. ರಾತ್ರಿಯಿಡೀ ನಡೆಯುವ 8 ಗಂಟೆಯ ಆಟ ಅರ್ಧ ಜಿಬಿಯ ಒಳಗೇ ಮುಗಿಯುತ್ತದೆ. 32 ಜಿಬಿಯ ಕಾರ್ಡಿನಲ್ಲಿ ಅಂಥ ಅರವತ್ತು ಆಟ ಹಿಡಿಯುತ್ತದೆ. ದಿನಾ ರಾತ್ರಿ ಒಂದರಂತೆ ಕೇಳಿದರೂ ಎರಡು ತಿಂಗಳು! ಮೇಲಾಗಿ 32 ಜಿಬಿ ತನಕದ ಕಾರ್ಡುಗಳು ಫೈಲು ಜೋಡಿಸಿಡುವ ಫ್ಯಾಟ್ 32 ಅನ್ನುವ ರೀತಿಯಲ್ಲಿ ಸಿದ್ಧವಾಗಿ ಬರುತ್ತವೆ, 64 ಮತ್ತು ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್. ಹಳೆಯ, ಸಣ್ಣ ಪ್ಲೇಯರುಗಳಲ್ಲಿ ತುಂಬಾ ಎಕ್ಸ್‌ಫ್ಯಾಟ್ ಓದುವುದಿಲ್ಲ, "ಕಾರ್ಡ್ ಇಲ್ಲ" ಅಂತ ತೋರಿಸುತ್ತವೆ. ಒಳ್ಳೆಯ ಕಾರ್ಡನ್ನೇ ಹಾಳು ಅಂತ ಎಸೆದವರನ್ನು ನಾನು ನೋಡಿದ್ದೇನೆ.

ಚಾರ್ಜಿಂಗ್ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ. ಅದಕ್ಕೇ 20,000 ಎಂಎಎಚ್‌ನ ಪವರ್ ಬ್ಯಾಂಕ್ ತಂದೆ, ಇಟ್ಟಿಗೆಯಷ್ಟು ಭಾರ. ಪ್ಲೇಯರ್ ಸಿಕ್ಕಿಸಿದರೆ ಅರ್ಧ ನಿಮಿಷಕ್ಕೆ ತಾನೇ ಆಫ್. ಈ ಪುಟ್ಟ ಪ್ಲೇಯರ್ ಎಳೆಯುವ ಕರೆಂಟ್ ಎಷ್ಟು ಕಡಿಮೆ ಅಂದರೆ, ಏನೂ ಸಿಕ್ಕಿಸಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ಮಲಗಿಬಿಡುತ್ತದೆ. ಕೆಲವದರಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಅಥವಾ ಒತ್ತಿ ಹಿಡಿದರೆ ಸಣ್ಣ ಸಾಮಾನಿಗೆ ಅಂತಲೇ ಬೇರೆ ವ್ಯವಸ್ಥೆ ಇರುತ್ತದೆ, ಕೊಳ್ಳುವಾಗ ಅದನ್ನೇ ಕೇಳಿ. ಕೇಬಲ್ಲಿನ ಎರಡೂ ತುದಿ ಟೈಪ್ ಸಿ ಆದರೆ ಕೆಲವು ಅಗ್ಗದ ಪ್ಲೇಯರ್ ಚಾರ್ಜೇ ಆಗುವುದಿಲ್ಲ, ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರಬೇಕು. ಚಾರ್ಜರ್, ಪವರ್ ಬ್ಯಾಂಕುಗಳ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಲೇಬೇಕು. ಇಲ್ಲದ್ದನ್ನು ಹಾಸಿಗೆ ಪಕ್ಕ ಇಟ್ಟು ಮಲಗಬೇಡಿ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಸ್ಟುಡಿಯೋದಲ್ಲಿ ಬಳಸುವ ದೊಡ್ಡ ಹೆಡ್‌ಫೋನ್ ಕಳಿಸಿದ್ದ, ಪ್ರೀತಿಯಿಂದಲೇ. 250 ಓಮ್‌ನದ್ದು (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). ನಮ್ಮ ಪ್ಲೇಯರಿಗೆ ಅದನ್ನು ಎಳೆಯುವ ಶಕ್ತಿಯೇ ಇಲ್ಲ, ಪೂರ್ತಿ ವಾಲ್ಯೂಮ್ ಕೊಟ್ಟರೂ ಪಿಸುಮಾತು. ಇಂಥ ಪ್ಲೇಯರಿಗೆ 16ರಿಂದ 32 ಓಮ್‌ನದ್ದು ಸಾಕು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಇಷ್ಟೆಲ್ಲ ಆದ ಮೇಲೆ ನನಗೆ ಕಂಡ ಅತಿ ಉಪಯೋಗದ ಸಾಮಾನು ಯಾವುದು ಗೊತ್ತಾ? ಇಯರ್‌ಫೋನಿನ ತುದಿಗೆ ಹಾಕುವ ರಬ್ಬರ್ ಟೋಪಿ. ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆ ಬರುತ್ತದೆ. ಅಮ್ಮನ ಎಡಗಿವಿಗೆ ಸಣ್ಣದು, ಬಲಗಿವಿಗೆ ಮಧ್ಯಮ ಸರಿಹೋಯಿತು. ಕಿವಿಗೆ ಸರಿಯಾಗಿ ಕೂತರೆ ಹೊರಗಿನ ಸದ್ದು ಕಡಿಮೆಯಾಗುತ್ತದೆ, ತಾನಾಗಿಯೇ ವಾಲ್ಯೂಮ್ ಇಳಿಸುತ್ತೇವೆ. ಪಕ್ಕದ ಮನೆಯಲ್ಲಿ ಸುಲಿಯುವ ಯಂತ್ರ ಓಡುವಾಗ ಅದರ ಮೇಲೆ ಕೇಳಲಿ ಅಂತ ಹುಡುಗರು ಪೂರ್ತಿ ಏರಿಸಿ ಹಾಕಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು 3 ಡೆಸಿಬೆಲ್ ಏರಿದರೆ ಗಂಟೆ ಅರ್ಧ ಮಾಡಬೇಕು. ಮರ ಹತ್ತುವವರು, ಬೈಕ್ ಓಡಿಸುವವರು ಮಾತ್ರ ಆ ಹೊತ್ತಿಗೆ ಇಯರ್‌ಫೋನ್ ಮುಟ್ಟಲೇಬೇಡಿ. ಅಡಿಕೆ ಕೊನೆ (ಗೊನೆ) ತೆಗೆಯುವಾಗ ಕೆಳಗಿನವನ ಕೂಗು ಕೇಳಬೇಕಲ್ವಾ.

ಪ್ಲೇಯರ್ ಇಡಲು ಚರ್ಮದ ಚೀಲ, ಬಟ್ಟೆ ಚೀಲ ನಮ್ಮ ಕಡೆ ಬೇಡವೇ ಬೇಡ. ಆಷಾಢದಲ್ಲಿ ಗೋಡೆಗೇ ಬೂಸಲು ಬರುವ ಊರು, ಬೆಲ್ಟು ಚಪ್ಪಲಿಗೆ ಬಿಡದ್ದು ಅದಕ್ಕೆ ಬಿಡುತ್ತದಾ? ಮುಚ್ಚಳ ಬಿಗಿಯಾಗಿರುವ ಸಣ್ಣ ಸ್ಟೀಲ್ ಡಬ್ಬಿ, ಅದರೊಳಗೆ ಹೊಸ ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು. ಖರ್ಚಿಲ್ಲ. ಒದ್ದೆಯಾಯಿತು ಅಂತ ಬಚ್ಚಲೊಲೆ ಪಕ್ಕ ಇಡಬೇಡಿ, ಒಳಗಿರುವ ಲಿಥಿಯಂ ಬ್ಯಾಟರಿಗೆ ಶಾಖ ಆಗುವುದಿಲ್ಲ. ಅಕ್ಕಿ ಡಬ್ಬಿಯಲ್ಲೂ ಬೇಡ, ಅಕ್ಕಿಯ ಹುಡಿ ತೂತಿಗೆ ಹೋಗುತ್ತದೆ. ಆಫ್ ಮಾಡಿ ಗಾಳಿಗೆ ಇಟ್ಟರೆ ಸಾಕು.

ಅಂಗಡಿಯವರಲ್ಲಿ ನನ್ನ ಕೋರಿಕೆ ಒಂದೇ. ಗಿರಾಕಿ ತನ್ನ ಪ್ಲೇಯರ್ ತಂದಿದ್ದರೆ, ಕೊಳ್ಳುವ ಮುಂಚೆ ಸಿಕ್ಕಿಸಿ ನೋಡಲು ಬಿಡಿ. ಸೀಲ್ ಒಡೆದರೆ ಮಾರಾಟ ಆಗುವುದಿಲ್ಲ ಅನ್ನುತ್ತೀರಿ, ಒಪ್ಪುತ್ತೇನೆ. ಹಾಗಾದರೆ ಒಂದೊಂದು ಬಗೆಯದ್ದು ಒಂದು ಮಾದರಿ ಬಿಚ್ಚಿ ಇಡಿ. ಬಟ್ಟೆ ಅಂಗಡಿಯಲ್ಲಿ ಕನ್ನಡಿ ಇಡುವುದಿಲ್ಲವಾ, ಹಾಗೆ. ಮತ್ತೆ ನೂರೈವತ್ತು ರೂಪಾಯಿಯ ಸಾಮಾನಿಗೂ ಬಿಲ್ ಕೊಡಿ. ನನ್ನ ಕಾರ್ಡಿಗೆ ಬಿಲ್ಲೂ ಇರಲಿಲ್ಲ, ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸವೂ ಇರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋಣ ಅಂತ ದಿಬ್ಬ ಹತ್ತಿದವನು ಯಾರ ಮೇಲೆ ದೂರು ಕೊಡಲಿ ಅಂತ ಯೋಚಿಸಿ ವಾಪಸ್ ಇಳಿದೆ.

ಸಂಪಾದಕರೇ, ನೀವೂ ಹಬ್ಬದ ಪುರವಣಿಯಲ್ಲಿ ಹೊಸ ಮೊಬೈಲುಗಳ ಪಕ್ಕದಲ್ಲಿ ಇಂಥ ಸಣ್ಣ ಸಾಮಾನಿಗೆ ಅರ್ಧ ಕಾಲಂ ಜಾಗ ಕೊಡಿ. ನಾನಂತೂ ಮುಂದಿನ ವಾರ ಶಿವಮೊಗ್ಗಕ್ಕೆ ಬರುವಾಗ ಅಮ್ಮನ ಪ್ಲೇಯರನ್ನು ಜೇಬಿನಲ್ಲೇ ಇಟ್ಟುಕೊಂಡು ಬರುತ್ತೇನೆ. ಎಡಗಿವಿಯ ರಬ್ಬರ್ ಟೋಪಿ ಮೊನ್ನೆ ಕಳೆದುಹೋಗಿದೆ, ಸಣ್ಣ ಅಳತೆಯದ್ದು ಒಂದು ಬೇಕು.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು