ದ್ರವ ನೈಟ್ರೋಜನ್ ಪೈಪಿನ ವಿಷಯವಾಗಿ ಸೋದರಳಿಯನಿಗೆ

ಬಾಗಲಕೋಟೆ

ಚಿರಂಜೀವಿ ಮಲ್ಲಿಕಾರ್ಜುನನಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು.

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಿಮ್ಮ ಕಾರ್ಖಾನೆಯಲ್ಲಿ, ಹೊರಗಿನ ಟ್ಯಾಂಕಿನಿಂದ ಬುಷ್ (ತಣ್ಣಗಾಗಿಸಿ ಕುಗ್ಗಿಸಿ ರಂಧ್ರದೊಳಗೆ ಸೇರಿಸುವ ಲೋಹದ ಬಳೆ) ಕೂರಿಸುವ ವಿಭಾಗದವರೆಗೆ ದ್ರವ ನೈಟ್ರೋಜನ್ ಒಯ್ಯಲು 40 ಮೀಟರ್ ಪೈಪು ಹಾಕಿಸುವ ಹೊಣೆ ನಿನಗೆ ಬಂದಿರುವುದನ್ನೂ, ನಿರ್ವಾತ ಹೊದಿಕೆಯ ಪೈಪಿನ ಬೆಲೆ ಕೇಳಿ ಮಾಲೀಕರು ಫೋಮ್ ಸುತ್ತಿದ ಪೈಪೇ ಸಾಕೆನ್ನುತ್ತಿರುವುದನ್ನೂ ನಿನ್ನ ಪತ್ರದಿಂದ ತಿಳಿದೆ. ಫೋಮ್ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅವರಿಗೆ ಅದನ್ನು ಲೆಕ್ಕದ ಮೂಲಕವೇ ತೋರಿಸಬೇಕು.

ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ಈ ದ್ರವದ ಒಂದು ಲೀಟರು ಆವಿಯಾಗಲು ಸುಮಾರು 160 ಕಿಲೋಜೂಲ್ ಶಾಖ ಸಾಕು. ಅಂದರೆ ಪೈಪಿನೊಳಗೆ ನುಸುಳುವ ಪ್ರತಿಯೊಂದು ವ್ಯಾಟ್ ಶಾಖವೂ ದಿನಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು ದ್ರವವನ್ನು ನುಂಗುತ್ತದೆ. ಫೋಮ್ ಪೈಪಿನಲ್ಲಿ ಮೀಟರಿಗೆ ಹತ್ತು ವ್ಯಾಟ್ ಎಂದು ಹಿಡಿದರೂ, ಲೈನು ಹಗಲಿರುಳೂ ತಣ್ಣಗಿದ್ದರೆ ದಿನಕ್ಕೆ 200 ಲೀಟರಿಗೂ ಹೆಚ್ಚು ನಷ್ಟ. ನಿರ್ವಾತ ಪೈಪಿನಲ್ಲಿ ಮೀಟರಿಗೆ ಒಂದು ವ್ಯಾಟ್ ಎಂದರೆ ಆ ನಷ್ಟ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ವಾರಕ್ಕೊಂದು ಸಲ ಮಾತ್ರ ದ್ರವ ಬೇಕಾಗುವುದಾದರೆ ಎರಡೂ ಪೈಪು ಬೇಡ, ಕೈಗಾಡಿಯ ಮೇಲೆ ದೇವಾರ್ ಪಾತ್ರೆಯಲ್ಲಿ, ಅಂದರೆ ಥರ್ಮಾಸಿನಂಥ ನಿರ್ವಾತ ಗೋಡೆಯ ಪಾತ್ರೆಯಲ್ಲಿ, ತಂದರೆ ಸಾಕು. ಇದನ್ನೂ ಮಾಲೀಕರ ಮುಂದೆ ಮುಚ್ಚಿಡದೆ ಹೇಳು.

ಬೆಳಗಾವಿಯ ಮಳೆ ನಮ್ಮ ಬಾಗಲಕೋಟೆಯದರಂತಲ್ಲ. ಫೋಮಿನ ಮೇಲಿನ ತೇವತಡೆ ಪದರ ಒಂದೆಡೆ ಬಿರುಕು ಬಿಟ್ಟರೂ ಗಾಳಿಯ ತೇವ ಒಳಹೊಕ್ಕು ಹಿಮಗಟ್ಟುತ್ತದೆ, ಲೈನು ಬಿಸಿಯಾದಾಗ ಕರಗುತ್ತದೆ, ಮತ್ತೆ ಗಟ್ಟಿಯಾಗಿ ಬಿರುಕನ್ನು ಹಿಗ್ಗಿಸುತ್ತದೆ. ಹೀಗೆ ಕೆಲವು ಮಳೆಗಾಲ ಕಳೆದ ಮೇಲೆ ಆ ಹೊದಿಕೆ ಇದ್ದೂ ಇಲ್ಲದಂತೆ.

ನಿರ್ವಾತ ಪೈಪಿನ ತತ್ವ 1892ರಲ್ಲಿ ಜೇಮ್ಸ್ ದೇವಾರ್ ರೂಪಿಸಿದ ಪಾತ್ರೆಯದೇ. ಒಂದರೊಳಗೊಂದು ಸ್ಟೇನ್‌ಲೆಸ್ ಸ್ಟೀಲ್ ಪೈಪು, ನಡುವೆ ಅಲ್ಯುಮಿನಿಯಂ ಹಾಳೆ ಮತ್ತು ಗಾಜಿನ ನಾರಿನ ಕಾಗದದ ಪದರಗಳು, ಗಾಳಿಯನ್ನು ಬಹುತೇಕ ಪೂರ್ತಿ ಹೊರಗೆಳೆದ ಸ್ಥಳ, ಅಲ್ಲಿ ಉಳಿದ ಅನಿಲಕಣಗಳನ್ನು ಹೀರುವ ವಸ್ತು. ತಣ್ಣಗಾದಾಗ ಒಳಪೈಪು ಮೀಟರಿಗೆ ಸುಮಾರು 3 ಮಿಲಿಮೀಟರ್ ಕುಗ್ಗುತ್ತದೆ. ನಿನ್ನ 40 ಮೀಟರಿಗೆ ಅದು 12 ಸೆಂಟಿಮೀಟರ್. ಹೊರಪೈಪು ಕುಗ್ಗುವುದಿಲ್ಲವಾದ್ದರಿಂದ ಆ ಎಳೆತವನ್ನು ತಾಳುವ ಬೆಲ್ಲೋಸ್ (ಹಿಗ್ಗಿ ಕುಗ್ಗಬಲ್ಲ ಮಡಿಕೆ ಮಡಿಕೆಯ ಲೋಹದ ಕೊಳವೆ) ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಬೆರಳಿಟ್ಟು ನೋಡು.

ಲೈನು ನಡೆಯಲಾರಂಭಿಸಿದ ಮೇಲೆ ಹೊರಪೈಪಿನ ಮೇಲೆ ಕೈಯಾಡಿಸುತ್ತ ನಡೆಯುವುದನ್ನು ರೂಢಿಸಿಕೊ. ಜೋಡಣೆಗಳ ಬಳಿ ತುಸು ತಂಪಿದ್ದರೆ ಚಿಂತೆಯಿಲ್ಲ. ನಡುವೆ ಅಂಗೈಯಗಲ ಒಂದೇ ಕಡೆ ಹಿಮ ಕಟ್ಟಿದ್ದರೆ ಒಳಗೆ ಯಾವುದೋ ಆಧಾರ ಸರಿದು ಎರಡು ಪೈಪುಗಳಿಗೂ ತಾಗುತ್ತಿರಬಹುದು; ಒಂದು ತುಂಡಿನ ಉದ್ದಕ್ಕೂ ನೀರು ಬೆವರುತ್ತಿದ್ದರೆ ಅದರ ನಿರ್ವಾತ ಕೆಟ್ಟಿತೆಂದೇ ತಿಳಿ. ಆಗ ಮೇಲೆ ಮತ್ತಷ್ಟು ಫೋಮ್ ಸುತ್ತಿ ಮುಚ್ಚಲು ಯಾರಿಗೂ ಬಿಡಬೇಡ, ತಯಾರಕರನ್ನು ಕರೆಸಿ ಸೋರಿಕೆ ಹುಡುಕಿಸು.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಸೇಫ್ಟಿ ವಾಲ್ವಿನ ವಿಷಯ. ಒಂದು ಲೀಟರು ದ್ರವ ಬಿಸಿಯಾದರೆ ಸುಮಾರು 700 ಲೀಟರು ಅನಿಲವಾಗುತ್ತದೆ. ಎರಡು ವಾಲ್ವುಗಳನ್ನು ಮುಚ್ಚಿದಾಗ ನಡುವೆ ಸಿಕ್ಕಿಬಿದ್ದ ದ್ರವಕ್ಕೆ ಹೊರಹೋಗುವ ದಾರಿ ಇಲ್ಲದಿದ್ದರೆ ಪೈಪು ಒಡೆಯದೆ ಇರದು. ಆದ್ದರಿಂದ ಹಾಗೆ ಮುಚ್ಚಬಹುದಾದ ಪ್ರತಿಯೊಂದು ಭಾಗಕ್ಕೂ ಅದರದೇ ಸೇಫ್ಟಿ ವಾಲ್ವ್ ಇರಲೇಬೇಕು, ಅದರ ಬಾಯಿ ಕಟ್ಟಡದ ಹೊರಗಿರಬೇಕು. ನೈಟ್ರೋಜನ್‌ಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ತುಂಬಿದರೆ ಮನುಷ್ಯ ಉಸಿರುಗಟ್ಟುವ ಮೊದಲು ಎಚ್ಚರಿಕೆಯೇ ಸಿಗುವುದಿಲ್ಲ. ಆಮ್ಲಜನಕ ಶೇಕಡಾ 19.5ಕ್ಕಿಂತ ಇಳಿದರೆ ಕೂಗುವ ಅಲಾರಂ ಒಂದನ್ನು ಅಲ್ಲಿ ಕೂರಿಸು.

ಹೊದಿಕೆಯಿಲ್ಲದ ವಾಲ್ವು, ಪೈಪಿನ ತುದಿಗಳ ಮೇಲೂ ಕಣ್ಣಿರಲಿ. ಅಲ್ಲಿ ಗಾಳಿಯೇ ದ್ರವವಾಗಿ ತೊಟ್ಟಿಕ್ಕುತ್ತದೆ, ಆ ಹನಿಗಳಲ್ಲಿ ಆಮ್ಲಜನಕ ಹೆಚ್ಚಿರುತ್ತದೆ. ನಿಮ್ಮಂಥ ಹೈಡ್ರಾಲಿಕ್ ಕಾರ್ಖಾನೆಯ ನೆಲದ ಎಣ್ಣೆಯ ಮೇಲೆ ಅವು ಬೀಳುವುದು ಬೆಂಕಿಗೆ ಆಹ್ವಾನ.

ತಯಾರಕರಿಂದ ಹೀಲಿಯಂ ಅನಿಲ ಬಳಸಿ ಮಾಡಿದ ಸೋರಿಕೆ ಪರೀಕ್ಷೆಯ ವರದಿಯನ್ನು ಬರಹದಲ್ಲೇ ಕೇಳು. ನಕ್ಷೆ ಕೈಗೆ ಬಂದ ಕೂಡಲೇ, ಆರ್ಡರ್ ಕೊಡುವ ಮುನ್ನ, ಒಂದು ಪ್ರತಿ ನನಗೆ ಕಳಿಸು. ವಾಲ್ವುಗಳ ನಡುವಿನ ಭಾಗಗಳನ್ನು ನಾನೂ ಎಣಿಸಿ ನೋಡುತ್ತೇನೆ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾಮಾ